ಕೆಳಗೆ ಏಳು, ಮೇಲೆ ಇಪ್ಪತ್ತೈದು: ವೃತ್ತಿಪರ ಬಾಕ್ಸಿಂಗ್‌ಗೆ ಹೊರಟ ಮಗನ ತೂಕದ ಪ್ರಶ್ನೆ

ಓದುಗರ ಪ್ರಶ್ನೆ: ನಮ್ಮದು ಮೂಲತಃ ಮೈಸೂರು, ಈಗ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇವೆ. ಮಗನಿಗೆ 22 ವರ್ಷ, ಎತ್ತರ 6 ಅಡಿ 1 ಇಂಚು. ಅಮೆಚೂರ್ ಬಾಕ್ಸಿಂಗ್‌ನಲ್ಲಿ 80 ಕೆ.ಜಿ. ವಿಭಾಗದಲ್ಲಿ 34 ಪಂದ್ಯ ಆಡಿದ್ದಾನೆ. ತರಬೇತಿ ಇಲ್ಲದ ದಿನಗಳಲ್ಲಿ 88 ಕೆ.ಜಿ. ತೂಗುತ್ತಾನೆ. ಎಲೆಕ್ಟ್ರಿಷಿಯನ್ ಅಪ್ರೆಂಟಿಸ್‌ಶಿಪ್ ಮುಗಿಯಲು ಇನ್ನು ಎಂಟು ತಿಂಗಳಿದೆ. ಒಬ್ಬ ಮ್ಯಾನೇಜರ್ ಈಗಲೇ ಸಹಿ ಹಾಕು ಎನ್ನುತ್ತಿದ್ದಾರೆ. ‘ಲೈಟ್ ಹೆವಿವೇಟ್ ಬೇಡ, ಸೂಪರ್ ಮಿಡಲ್‌ವೇಟ್‌ಗೆ ಇಳಿ, ಅಲ್ಲಿ ಎಲ್ಲರಿಗಿಂತ ದೊಡ್ಡವನಾಗುತ್ತೀಯ. ಮೊದಲ ಹದಿನೈದು ಪಂದ್ಯ ಸೋಲದಂತೆ ನೋಡಿಕೊಳ್ಳುತ್ತೇನೆ, ಒಂದು ಸೋತರೂ ಕಥೆ ಮುಗಿಯಿತು’ ಎಂದಿದ್ದಾರಂತೆ. ಇಷ್ಟು ತೂಕ ಇಳಿಸಿದರೆ ಅಪಾಯವಿಲ್ಲವೇ? ತಲೆಗೆ ಬೀಳುವ ಪೆಟ್ಟಿನ ಚಿಂತೆ ನನ್ನದು. ಅಭ್ಯಾಸದಲ್ಲಿ ಹೆಡ್‌ಗಾರ್ಡ್ ಇರುತ್ತದಲ್ಲ ಎಂದು ಮಗ ಸಮಾಧಾನ ಹೇಳುತ್ತಾನೆ. ಈ ವೃತ್ತಿಯಲ್ಲಿ ಹೊಟ್ಟೆ ತುಂಬುತ್ತದೆಯೇ? ತಾಯಿಯಾಗಿ ನಾನು ಏನು ಮಾಡಲಿ?

ಉತ್ತರ:

ಪತ್ರದಲ್ಲಿ ತೂಕ, ತಲೆ, ಸೋಲು, ದುಡ್ಡು ಎಂದು ನಾಲ್ಕು ಚಿಂತೆಗಳಿವೆ. ನಾನು ತೂಕದಿಂದ ಶುರು ಮಾಡುತ್ತೇನೆ. ಅಲ್ಲಿ ಎಡವಿದರೆ ಉಳಿದ ಮೂರೂ ಹದಗೆಡುತ್ತವೆ. ಇದು ಈ ವಿಭಾಗಕ್ಕೇ ಅಂಟಿಕೊಂಡಿರುವ ತೊಂದರೆಯೂ ಹೌದು.

ವೃತ್ತಿಪರ ಲೈಟ್ ಹೆವಿವೇಟ್‌ನ ಮಿತಿ 175 ಪೌಂಡ್, ಅಂದರೆ 79.4 ಕೆ.ಜಿ. ಅದರ ಕೆಳಗಿನ ಮೆಟ್ಟಿಲು ಸೂಪರ್ ಮಿಡಲ್‌ವೇಟ್, 168 ಪೌಂಡ್ ಅಥವಾ 76.2 ಕೆ.ಜಿ. ಮೇಲಿನ ಮೆಟ್ಟಿಲು ಕ್ರೂಸರ್‌ವೇಟ್, 200 ಪೌಂಡ್ ಅಥವಾ 90.7 ಕೆ.ಜಿ. ಕೆಳಕ್ಕೆ ಏಳು ಪೌಂಡ್ ಅಂತರ, ಮೇಲಕ್ಕೆ ಇಪ್ಪತ್ತೈದು. ಹಗುರ ವಿಭಾಗಗಳಲ್ಲಿ ಮೆಟ್ಟಿಲುಗಳ ನಡುವೆ ಮೂರರಿಂದ ಏಳು ಪೌಂಡ್ ಅಂತರವಷ್ಟೇ ಇರುವುದರಿಂದ ದೇಹ ಬೆಳೆದಂತೆ ಒಂದೊಂದೇ ಹತ್ತಬಹುದು. 175ರಲ್ಲಿ ನಿಂತವನಿಗೆ ಆ ಸೌಲಭ್ಯವಿಲ್ಲ. 82–84 ಕೆ.ಜಿ.ಗೆ ಸರಿಹೊಂದುವ ದೇಹಕ್ಕೆ ಇಲ್ಲಿ ಮನೆಯೇ ಇಲ್ಲ. ಅಂಥವನು ಮೇಲೆ ಹೋದರೆ 95 ಕೆ.ಜಿ.ಯಿಂದ ಇಳಿದು ಬಂದ ಕ್ರೂಸರ್‌ವೇಟ್‌ಗಳು ಎದುರಾಗುತ್ತಾರೆ. ಅದಕ್ಕೇ ಎಲ್ಲರ ಕಣ್ಣೂ ಕೆಳಗೆ ಹರಿಯುತ್ತದೆ, ನಿಮ್ಮ ಮ್ಯಾನೇಜರ್ ಕಣ್ಣೂ.

ಹಿಂದೆ ಕ್ರೂಸರ್‌ವೇಟ್ ಎಂಬುದೇ ಇರಲಿಲ್ಲ, ಅದು ಬಂದದ್ದು 1979–80ರ ಸುಮಾರಿಗೆ. ಅದಕ್ಕೂ ಮೊದಲು 175ರಿಂದ ಮೇಲೆ ಕಾಲಿಟ್ಟವನು ನೇರವಾಗಿ ಹೆವಿವೇಟ್‌ಗೆ ಬೀಳುತ್ತಿದ್ದ. ಲೈಟ್ ಹೆವಿವೇಟ್‌ನಲ್ಲಿ ಯಾರ ಕೈಗೂ ಸಿಗದ ಬಾಬ್ ಫಾಸ್ಟರ್‌ರನ್ನು 1970ರಲ್ಲಿ ಜೋ ಫ್ರೇಜಿಯರ್ ಎರಡೇ ಸುತ್ತಿನಲ್ಲಿ ಮುಗಿಸಿದರು. ಆರ್ಚಿ ಮೂರ್ 1955ರಲ್ಲಿ ರಾಕಿ ಮಾರ್ಸಿಯಾನೊ ಎದುರು ಒಂಬತ್ತನೇ ಸುತ್ತಿನಲ್ಲಿ ಬಿದ್ದರು. ದಾಟಿ ಗೆದ್ದವರೂ ಇದ್ದಾರೆ: 1985ರಲ್ಲಿ ಮೈಕೆಲ್ ಸ್ಪಿಂಕ್ಸ್, ಅದುವರೆಗೆ 48 ಪಂದ್ಯಗಳಲ್ಲಿ ಸೋತಿರದ ಲ್ಯಾರಿ ಹೋಮ್ಸ್‌ರನ್ನು ಅಂಕಗಳಲ್ಲಿ ಮಣಿಸಿದರು. ಅಂಥ ದೇಹ ಅಪರೂಪ.

ಆದರೆ ನಿಮ್ಮ ಮಗನಿಗೆ ಪಾಠವಾಗಬೇಕಾದದ್ದು ಮೇಲೆ ಹತ್ತಿದವರ ಕಥೆಯಲ್ಲ, ಹತ್ತಿ ಮತ್ತೆ ಇಳಿದವರ ಕಥೆ. ರಾಯ್ ಜೋನ್ಸ್ ಜೂನಿಯರ್ 2003ರ ಮಾರ್ಚ್‌ನಲ್ಲಿ 193 ಪೌಂಡ್ ತೂಗಿ ಜಾನ್ ರೂಯಿಜ್ ಎದುರು ಹೆವಿವೇಟ್ ಪಟ್ಟ ಗೆದ್ದರು. ಎಂಟು ತಿಂಗಳಲ್ಲಿ ಮತ್ತೆ 175ಕ್ಕೆ ಇಳಿದು ನವೆಂಬರ್‌ನಲ್ಲಿ ಆಂಟೋನಿಯೊ ಟಾರ್ವರ್ ಎದುರು ಏದುಸಿರು ಬಿಡುತ್ತ ಗೆದ್ದರು. 2004ರ ಮೇನಲ್ಲಿ ಅದೇ ಟಾರ್ವರ್ ಎರಡನೇ ಸುತ್ತಿನಲ್ಲಿ ಅವರನ್ನು ಕೆಡವಿದರು. ಸೆಪ್ಟೆಂಬರ್‌ನಲ್ಲಿ ಗ್ಲೆನ್ ಜಾನ್ಸನ್ ಒಂಬತ್ತನೇ ಸುತ್ತಿನಲ್ಲಿ ಕೆಡವಿದರು. ವಯಸ್ಸು 35 ಆಗಿತ್ತು, ಟಾರ್ವರ್ ಸಾಮಾನ್ಯ ಎದುರಾಳಿಯಲ್ಲ, ಎಲ್ಲವೂ ನಿಜ. ಆದರೂ ಸ್ನಾಯುವಾಗಿ ಕಟ್ಟಿದ ತೂಕವನ್ನು ಸ್ನಾಯುವಾಗಿಯೇ ಕಳೆದುಕೊಂಡವನ ಕಾಲುಗಳಲ್ಲಿ ಮೊದಲಿನ ಚಿಮ್ಮು ಇರುವುದಿಲ್ಲ. ಜೋನ್ಸ್ ಪೆಟ್ಟು ತಡೆಯುತ್ತಿದ್ದದ್ದು ಕೈಗಳಿಂದಲ್ಲ, ಆ ಚಿಮ್ಮಿನಿಂದ.

ಈಗ ನಿಮ್ಮ ಮಗನ ಲೆಕ್ಕ. 88ರಿಂದ 76.2ಕ್ಕೆ ಇಳಿಯಬೇಕಾದದ್ದು 11.8 ಕೆ.ಜಿ., ದೇಹದ ತೂಕದ ನೂರಕ್ಕೆ 13ಕ್ಕೂ ಹೆಚ್ಚು. 79.4ಕ್ಕಾದರೆ 8.6 ಕೆ.ಜಿ., ನೂರಕ್ಕೆ ಹತ್ತರೊಳಗೆ. ಇದನ್ನು ಅಳೆಯಲು ಒಂದು ಒಳ್ಳೆಯ ಕೋಲಿದೆ. ವಿಶ್ವ ಬಾಕ್ಸಿಂಗ್ ಕೌನ್ಸಿಲ್ ತನ್ನ ಪಟ್ಟದ ಪಂದ್ಯಗಳಿಗೆ ಮುಂಚಿತ ತೂಕ ಪರೀಕ್ಷೆ ಇಟ್ಟಿದೆ: 30 ದಿನ ಮೊದಲು ಮಿತಿಗಿಂತ ನೂರಕ್ಕೆ 10ರೊಳಗೆ, 7 ದಿನ ಮೊದಲು ನೂರಕ್ಕೆ 5ರೊಳಗೆ ಇರಬೇಕು. ಚಿಕ್ಕ ಪಂದ್ಯಗಳಿಗೆ ಈ ನಿಯಮ ಅನ್ವಯಿಸದಿದ್ದರೂ ಮನೆಯಲ್ಲಿ ನೀವೇ ಅನ್ವಯಿಸಬಹುದು. ಲೈಟ್ ಹೆವಿವೇಟ್ ಆದರೆ ತಿಂಗಳ ಮೊದಲು 87.3, ವಾರದ ಮೊದಲು 83.3 ಕೆ.ಜಿ. ನಿಮ್ಮ ಮಗ ಇದನ್ನು ಉಸಿರುಗಟ್ಟದೆ ಮುಟ್ಟುತ್ತಾನೆ. ಸೂಪರ್ ಮಿಡಲ್‌ವೇಟ್ ಆದರೆ ತಿಂಗಳ ಮೊದಲು 83.8, ವಾರದ ಮೊದಲು 80.0. ಅಂದರೆ ಇಷ್ಟು ವರ್ಷ ಅವನು ಪಂದ್ಯದ ಬೆಳಿಗ್ಗೆ ತಲುಪುತ್ತಿದ್ದ ತೂಕವನ್ನು ಪಂದ್ಯಕ್ಕೆ ಒಂದು ವಾರ ಮೊದಲೇ ತಲುಪಿ, ಅಲ್ಲಿಂದ ಇನ್ನೂ ನಾಲ್ಕು ಕೆ.ಜಿ. ಹಿಂಡಬೇಕು.

‘ಅಮೆಚೂರ್‌ನಲ್ಲಿ 80 ಮಾಡುತ್ತಿದ್ದ, 76 ಏನು ಮಹಾ’ ಎಂಬ ಮಾತು ಹುಟ್ಟುವುದು ಎಲ್ಲಿಂದ ಎಂದು ತಿಳಿದಿರಲಿ. ಅಮೆಚೂರ್‌ನಲ್ಲಿ ಪಂದ್ಯದ ದಿನ ಬೆಳಿಗ್ಗೆಯೇ ತೂಕ, ಅದೇ ದಿನ ರಿಂಗ್. ಹೆಚ್ಚು ಇಳಿಸಿದರೆ ಸಂಜೆಗೆ ಕೈ ಏಳುವುದಿಲ್ಲ, ಹಾಗಾಗಿ ಹುಡುಗರು ತಾವೇ ಹಿಡಿತದಲ್ಲಿರುತ್ತಾರೆ. ವೃತ್ತಿಪರದಲ್ಲಿ ತೂಕ ಹಿಂದಿನ ದಿನ. 24ರಿಂದ 30 ಗಂಟೆ ಕೈಗೆ ಸಿಗುತ್ತದೆ. ಆ ಗಂಟೆಗಳನ್ನು ನಂಬಿ ಎಲ್ಲರೂ ಇನ್ನಷ್ಟು ಇಳಿಸುತ್ತಾರೆ. ಎದುರಾಳಿಯೂ ಅದನ್ನೇ ಮಾಡಿರುತ್ತಾನೆ, ಹಾಗಾಗಿ ‘ಎಲ್ಲರಿಗಿಂತ ದೊಡ್ಡವನು’ ಎಂಬ ಲಾಭ ಬಹುಪಾಲು ಕಾಗದದ ಮೇಲೇ ಉಳಿಯುತ್ತದೆ. ನಮ್ಮವರಲ್ಲೇ ವಿಜೇಂದರ್ ಸಿಂಗ್‌ರನ್ನು ನೋಡಿ. 2008ರ ಒಲಿಂಪಿಕ್ ಕಂಚು ಬಂದದ್ದು 75 ಕೆ.ಜಿ.ಯಲ್ಲಿ. 2015ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ವೃತ್ತಿಪರರಾದಾಗ ಅವರು 72.6ರ ಮಿಡಲ್‌ವೇಟ್‌ಗೆ ಇಳಿಯಲಿಲ್ಲ, 76.2ರ ಸೂಪರ್ ಮಿಡಲ್‌ವೇಟ್‌ನಲ್ಲಿ ಆಡಿದರು.

ತೂಕ ಇಳಿಯುವುದರ ಒಳಗುಟ್ಟು ಇಷ್ಟು. ಹತ್ತು–ಹನ್ನೆರಡು ವಾರದಲ್ಲಿ ವಾರಕ್ಕೆ ಅರ್ಧದಿಂದ ಮುಕ್ಕಾಲು ಕೆ.ಜಿ. ಕೊಬ್ಬು ಇಳಿಸಿದರೆ ದೇಹ ಸಹಿಸುತ್ತದೆ. ಅದಕ್ಕಿಂತ ವೇಗವಾದರೆ ಹೋಗುವುದು ಸ್ನಾಯು. 88ರಿಂದ 83–84ರವರೆಗಿನ ದಾರಿ ಹೀಗೆಯೇ ಸಾಗಬೇಕು. ಕೊನೆಯ ವಾರದಲ್ಲಿ ನಾರಿನಂಶ ಕಡಿಮೆ ಮಾಡಿದರೆ (ಸೊಪ್ಪು, ಕಾಳು, ರಾಗಿ ನಿಲ್ಲಿಸಿ ಬಿಳಿ ಅನ್ನ, ಮೊಟ್ಟೆ, ಮೀನು) ಕರುಳಿನಲ್ಲಿರುವ ಅರ್ಧದಿಂದ ಒಂದು ಕೆ.ಜಿ. ಖಾಲಿಯಾಗುತ್ತದೆ. ಪಿಷ್ಟ ಕಡಿಮೆ ಮಾಡಿದರೆ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಕರಗುತ್ತದೆ. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಮ್ ನೀರೂ ಹೋಗುತ್ತದೆ, ಒಟ್ಟು ಒಂದೂವರೆ ಕೆ.ಜಿ. ತನಕ. ಉಪ್ಪು ತಗ್ಗಿಸಿದರೆ ಇನ್ನೊಂದಿಷ್ಟು. ಈ ಮಟ್ಟದವರೆಗೆ ಅನುಭವಿ ಆಹಾರತಜ್ಞರ ಕಣ್ಣಿನಡಿ ಹೆಚ್ಚು ಹಾನಿಯಿಲ್ಲ. ಉಳಿದದ್ದನ್ನು ಬೆವರಿನಲ್ಲಿ ತೆಗೆಯಬೇಕು: ಬಿಸಿನೀರಿನ ತೊಟ್ಟಿ, ಸೌನಾ, ಪ್ಲಾಸ್ಟಿಕ್ ಸೂಟ್. ಇಲ್ಲಿಯೇ ಕೆಡುವುದು. ದೇಹದ ತೂಕದ ನೂರಕ್ಕೆ ಎರಡು, ಹೆಚ್ಚೆಂದರೆ ಮೂರು ಪಾಲು ಬೆವರಿನಲ್ಲಿ ಹೋದರೆ ಮರುದಿನಕ್ಕೆ ತುಂಬಿಕೊಳ್ಳಬಹುದು. ಐದು ದಾಟಿದರೆ ರಕ್ತ ಗಟ್ಟಿಯಾಗಿ, ಎದೆಬಡಿತ ಏರಿ, ದೇಹ ತನ್ನನ್ನು ತಂಪು ಮಾಡಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ಬೆವರು ನಿಂತುಹೋದರೆ, ಮಾತು ತಡವರಿಸಿದರೆ ತೂಕ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕರೆಯಬೇಕು. ಪಂದ್ಯ ರದ್ದಾದರೆ ಆಗಲಿ.

ತೂಕ ಕೊಟ್ಟ ಮೇಲಿನ ಗಂಟೆಗಳಲ್ಲೂ ತಪ್ಪುಗಳಾಗುತ್ತವೆ. ಕಳೆದುಕೊಂಡ ನೀರಿನ ಒಂದೂವರೆ ಪಾಲು ಮರಳಿ ಕುಡಿಯಬೇಕು. ಎರಡು ಕೆ.ಜಿ. ಹೋಗಿದ್ದರೆ ಮೂರು ಲೀಟರ್. ಬರೀ ನೀರು ಕುಡಿದರೆ ಮೂತ್ರದಲ್ಲಿ ಹೊರಟುಹೋಗುತ್ತದೆ, ಸೋಡಿಯಂ ಬೇಕು. ಭೇದಿಗೆ ಕೊಡುವ ಓ.ಆರ್.ಎಸ್. ಇಲ್ಲಿಯೂ ಅತ್ಯುತ್ತಮ. ಮೊದಲು ಅರ್ಧದಿಂದ ಮುಕ್ಕಾಲು ಲೀಟರ್, ಆಮೇಲೆ ಅರ್ಧ ಗಂಟೆಗೊಮ್ಮೆ ಒಂದು ಲೋಟ. ಜೊತೆಗೆ ಅನ್ನ, ಬಾಳೆಹಣ್ಣು, ಜೇನು ಎಂದು ಸುಲಭವಾಗಿ ಕರಗುವ ಪಿಷ್ಟ. ಹಸಿವು ತಡೆಯದೆ ಎಣ್ಣೆ ತಿಂಡಿಗೆ ಕೈಹಾಕಿದವನ ಹೊಟ್ಟೆ ಮರುದಿನ ಮೂರನೇ ಸುತ್ತಿನಲ್ಲಿ ತಿರುಗುತ್ತದೆ. ಡ್ರಿಪ್ ಹಾಕಿಸಿಕೊಳ್ಳುವ ಯೋಚನೆ ಬೇಡ. 12 ಗಂಟೆಯಲ್ಲಿ 100 ಮಿ.ಲೀ.ಗಿಂತ ಹೆಚ್ಚು ದ್ರವವನ್ನು ನರದ ಮೂಲಕ ಪಡೆಯುವುದು, ವೈದ್ಯಕೀಯ ವಿನಾಯಿತಿ ಇಲ್ಲದಿದ್ದರೆ, ಉದ್ದೀಪನ ತಡೆ ನಿಯಮಗಳಡಿ ನಿಷಿದ್ಧ. ಮೂತ್ರ ಹೆಚ್ಚಿಸುವ ಮಾತ್ರೆಗಳೂ ನಿಷಿದ್ಧ. ಜಿಮ್‌ನಲ್ಲಿ ಯಾರೋ ಕೊಟ್ಟ ‘ನೀರು ಗುಳಿಗೆ’ಯಿಂದ ವರ್ಷಗಟ್ಟಲೆ ಹೊರಗುಳಿಯಬೇಕಾದೀತು.

ಸ್ಕೇಲಿನಲ್ಲಿ ತೂಕ ಮರಳಿತು ಎಂದರೆ ಮೆದುಳಿಗೂ ನೀರು ಮರಳಿತು ಎಂದಲ್ಲ. ರಕ್ತ ಬೇಗ ತುಂಬಿಕೊಳ್ಳುತ್ತದೆ, ಅಂಗಾಂಶಗಳು ನಿಧಾನ. ಒಣಗಿದ ಮೆದುಳು ಸ್ವಲ್ಪ ಕುಗ್ಗಿದಾಗ ಅದಕ್ಕೂ ತಲೆಬುರುಡೆಯ ಒಳಹೊದಿಕೆಗೂ ನಡುವೆ ಸೇತುವೆಯಂತಿರುವ ಸಣ್ಣ ರಕ್ತನಾಳಗಳು ಬಿಗಿಯುತ್ತವೆ, ಪೆಟ್ಟಿಗೆ ಸುಲಭವಾಗಿ ಹರಿಯುತ್ತವೆ ಎಂಬುದು ವೈದ್ಯರ ಬಲವಾದ ಅನುಮಾನ. ಖಚಿತ ಸಾಕ್ಷ್ಯ ಕಷ್ಟ, ಏಕೆಂದರೆ ಯಾರ ಮೇಲೂ ಇದನ್ನು ಪ್ರಯೋಗಿಸಿ ನೋಡಲಾಗದು. ರಿಂಗ್ ಸಾವುಗಳಿಗೆ ಸಾಮಾನ್ಯ ಕಾರಣ ಮಾತ್ರ ಈ ನಾಳಗಳ ರಕ್ತಸ್ರಾವವೇ. ನಿಮ್ಮ ಮಗನನ್ನು 76.2ಕ್ಕೆ ಇಳಿಸಬೇಡಿ ಎನ್ನಲು ನನಗೆ ಇಷ್ಟು ಸಾಕು.

ಇನ್ನು ತಲೆಯ ವಿಷಯ. ಹೆಡ್‌ಗಾರ್ಡ್ ಹುಬ್ಬು ಸೀಳುವುದನ್ನು ತಡೆಯುತ್ತದೆ, ಕಿವಿ ಉಳಿಸುತ್ತದೆ. ಮೆದುಳು ಬುರುಡೆಯೊಳಗೆ ಗಿರಕಿ ಹೊಡೆಯುವುದನ್ನು ತಡೆಯುವುದಿಲ್ಲ. ತಲೆಯ ಗಾತ್ರ ಹಿಗ್ಗಿಸಿ, ಪಕ್ಕದ ನೋಟ ಮರೆಮಾಡಿ, ‘ನನಗೇನೂ ಆಗುವುದಿಲ್ಲ’ ಎಂಬ ಧೈರ್ಯ ಕೊಡುವುದರಿಂದ ಪೆಟ್ಟುಗಳ ಸಂಖ್ಯೆ ಹೆಚ್ಚಬಹುದು. ಅಮೆಚೂರ್ ಹಿರಿಯ ಪುರುಷರ ಪಂದ್ಯಗಳಿಂದ 2013ರಲ್ಲಿ ಅದನ್ನು ತೆಗೆದದ್ದು ನಿಮಗೆ ಗೊತ್ತಿರಬಹುದು. ಗ್ಲೌಸ್ ವಿಷಯವೂ ಇಷ್ಟೇ. ದಪ್ಪ ಗ್ಲೌಸ್ ಮೊದಲು ಕಾಪಾಡುವುದು ಹೊಡೆಯುವವನ ಬೆರಳನ್ನು.

ಎರಡನೇ ತಪ್ಪು ನಂಬಿಕೆ: ನಾಕೌಟ್ ಆದವನಿಗೆ ಮಾತ್ರ ಅಪಾಯ. 2018ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಡಾನ್‌ಕಾಸ್ಟರ್‌ನಲ್ಲಿ ಸ್ಕಾಟ್ ವೆಸ್ಟ್‌ಗಾರ್ಥ್ ಎಂಬ ಲೈಟ್ ಹೆವಿವೇಟ್ ಬಾಕ್ಸರ್ ಅಂಕಗಳಲ್ಲಿ ಗೆದ್ದರು. ಗೆದ್ದ ಮೇಲೆ ಅಸ್ವಸ್ಥರಾಗಿ ಮರುದಿನ ತೀರಿಕೊಂಡರು. ಅದೇ ವರ್ಷ ಡಿಸೆಂಬರ್‌ನಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಇದೇ ತೂಕದ ವಿಶ್ವ ಚಾಂಪಿಯನ್ ಅಡೋನಿಸ್ ಸ್ಟೀವನ್ಸನ್ 41ನೇ ವಯಸ್ಸಿನಲ್ಲಿ ಹನ್ನೊಂದನೇ ಸುತ್ತಿನಲ್ಲಿ ಬಿದ್ದು ತೀವ್ರ ಮೆದುಳಿನ ಗಾಯದಿಂದ ಕೋಮಾಕ್ಕೆ ಹೋದರು. ಬದುಕುಳಿದರು, ರಿಂಗ್‌ಗೆ ಮರಳಲಿಲ್ಲ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಈ ತೂಕದಲ್ಲಿ ಮಿಡಲ್‌ವೇಟ್‌ನ ವೇಗವೂ ಹೆವಿವೇಟ್‌ನ ಭಾರವೂ ಒಟ್ಟಿಗೆ ಬರುತ್ತವೆ. ಮೈ ಬೆಳೆದಷ್ಟು ತಲೆಬುರುಡೆ ಗಟ್ಟಿಯಾಗುವುದಿಲ್ಲ. ಇದನ್ನು ತಿಳಿದೇ ಇಳಿಯಬೇಕು.

ಬ್ರಿಟನ್‌ನಲ್ಲಿರುವುದು ಒಂದು ಲೆಕ್ಕದಲ್ಲಿ ನಿಮಗೆ ಅನುಕೂಲ. 1991ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿ ಕ್ರಿಸ್ ಯೂಬ್ಯಾಂಕ್ ಎದುರು ಸೂಪರ್ ಮಿಡಲ್‌ವೇಟ್ ಪಂದ್ಯದಲ್ಲಿ ಕುಸಿದ ಮೈಕೆಲ್ ವಾಟ್ಸನ್‌ಗೆ ರಿಂಗ್ ಪಕ್ಕದಲ್ಲೇ ಸಿಗಬೇಕಾದ ತುರ್ತು ಚಿಕಿತ್ಸೆ ಸಿಗಲಿಲ್ಲ. ಅವರು ಬ್ರಿಟಿಷ್ ಬಾಕ್ಸಿಂಗ್ ನಿಯಂತ್ರಣ ಮಂಡಳಿಯ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಮಂಡಳಿಯೇ ಹೊಣೆ ಎಂಬ ತೀರ್ಪನ್ನು 2000ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಮಂಡಳಿಯ ಪರವಾನಗಿ ಇರುವ ಪಂದ್ಯಗಳಲ್ಲಿ ಇಂದು ಅರಿವಳಿಕೆ ತಜ್ಞರು, ಆಂಬುಲೆನ್ಸ್, ಮುಂಚೆಯೇ ತಿಳಿಸಿಟ್ಟ ನರಶಸ್ತ್ರಚಿಕಿತ್ಸಾ ಆಸ್ಪತ್ರೆ ಇರುವುದರ ಹಿಂದೆ ಆ ಮನುಷ್ಯನ ನೋವಿದೆ. ವರ್ಷಕ್ಕೊಮ್ಮೆ ಮೆದುಳಿನ ಎಂ.ಆರ್.ಐ., ಎಚ್.ಐ.ವಿ. ಮತ್ತು ಹೆಪಟೈಟಿಸ್ ರಕ್ತಪರೀಕ್ಷೆ, ಕಣ್ಣಿನ ಪರೀಕ್ಷೆಯೂ ಬೇಕು. ‘ಪರವಾನಗಿ ಇಲ್ಲದ’ ಪ್ರದರ್ಶನಗಳಿಗೆ ಮಗ ಹೋಗಕೂಡದು, ಗೆಳೆಯನಿಗಾಗಿ ಒಂದೇ ಒಂದು ರಾತ್ರಿಗೂ.

ಎಂ.ಆರ್.ಐ. ಶುದ್ಧವಾಗಿದೆ ಎಂಬುದು ಮೆದುಳು ಸುಖವಾಗಿದೆ ಎಂಬ ಪ್ರಮಾಣಪತ್ರವಲ್ಲ. ಅದು ರಕ್ತಸ್ರಾವ, ರಕ್ತನಾಳದ ಉಬ್ಬು, ಹಳೆಯ ಗಾಯ ತೋರಿಸುತ್ತದೆ. ವರ್ಷಗಟ್ಟಲೆ ಬಿದ್ದ ಸಣ್ಣ ಪೆಟ್ಟುಗಳಿಂದ ಬರುವ ಕಾಯಿಲೆ, ಸಿ.ಟಿ.ಇ. ಎನ್ನುತ್ತಾರೆ, ಇಂದಿಗೂ ಖಚಿತವಾಗಿ ಗೊತ್ತಾಗುವುದು ಮರಣದ ನಂತರವೇ. ಆ ಸಣ್ಣ ಪೆಟ್ಟುಗಳ ಬಹುಪಾಲು ಬೀಳುವುದು ಪಂದ್ಯದಲ್ಲಲ್ಲ, ಸ್ಪಾರಿಂಗ್‌ನಲ್ಲಿ, ಅಂದರೆ ಜಿಮ್‌ನಲ್ಲಿ ಜೊತೆಗಾರನೊಡನೆ ಆಡುವ ಅಭ್ಯಾಸದಲ್ಲಿ. ವರ್ಷಕ್ಕೆ ಐದು ಪಂದ್ಯ ಎಂದರೆ ಇಪ್ಪತ್ತು–ಇಪ್ಪತ್ತೈದು ಸುತ್ತು. ಅದಕ್ಕಾಗಿ ಜಿಮ್‌ನಲ್ಲಿ ನೂರಾರು ಸುತ್ತು. ತರಬೇತುದಾರರನ್ನು ಕೇಳಬೇಕಾದ ಅತಿ ಮುಖ್ಯ ಪ್ರಶ್ನೆ ಇದು: ವಾರಕ್ಕೆ ಎಷ್ಟು ಸುತ್ತು ಜೋರಿನ ಸ್ಪಾರಿಂಗ್? ಯಾರ ಜೊತೆ? ನನ್ನ ಸಲಹೆ: ಪಂದ್ಯದ ತಯಾರಿಯಲ್ಲಿ ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ದಿನ, ಉಳಿದ ದಿನ ಮೈಗೆ ಮಾತ್ರ ಹೊಡೆಯುವ ಅಥವಾ ಮುಟ್ಟಿ ಬಿಡುವ ಸ್ಪಾರಿಂಗ್, ಪಂದ್ಯಕ್ಕೆ ಹತ್ತು ದಿನ ಮೊದಲು ಎಲ್ಲ ನಿಲ್ಲಬೇಕು. ತೂಕ ಇಳಿಸುತ್ತಿರುವ ವಾರದಲ್ಲಿ ಕ್ರೂಸರ್‌ವೇಟ್ ಜೊತೆ ಸ್ಪಾರಿಂಗ್ ಎಂದರೆ ಬೇಡವೇ ಬೇಡ. 175ರವನಿಗೆ ತನ್ನ ತೂಕದ ಜೊತೆಗಾರರು ಸಿಗುವುದು ಕಷ್ಟ, ಹಾಗಾಗಿ ಇದು ಪದೇ ಪದೇ ಆಗುತ್ತದೆ. ಮೆದುಳಿಗೆ ಅಲುಗಾಟವಾಗಿದೆ ಎಂಬ ಸಂಶಯ ಬಂದರೂ ಕನಿಷ್ಠ ನಾಲ್ಕು ವಾರ ಯಾವ ಪೆಟ್ಟೂ ಇಲ್ಲ.

ಸೋಲಿನ ಮಾತಿಗೆ ಬರೋಣ. ನೀವು ಮೈಸೂರಿನವರು, ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವುದನ್ನು ನೋಡಿರುತ್ತೀರಿ. ಯಾರಿಗೆ ಯಾರು ಸರಿಜೋಡಿ ಎಂದು ಬಲ್ಲವರು ಕುಳಿತು ಅಳೆದು ಕಟ್ಟುತ್ತಾರೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಮೊದಲ ಹತ್ತು–ಹದಿನೈದು ಪಂದ್ಯಗಳಲ್ಲಿ ಜೋಡಿಯನ್ನು ಸಮವಾಗಿ ಕಟ್ಟುವುದಿಲ್ಲ, ಬೇಕೆಂದೇ ಹಾಗೆ. ಎದುರಿಗೆ ನಿಲ್ಲುವವರು ಜರ್ನಿಮನ್‌ಗಳು: ಸೋಲು–ಗೆಲುವಿನ ಲೆಕ್ಕವಿಡದೆ, ಏಟು ತಪ್ಪಿಸಿಕೊಳ್ಳುತ್ತ, ಮನೆ ನಡೆಸಲು ದುಡಿಯುವ ಅನುಭವಿಗಳು. ಬ್ರಿಟನ್‌ನ ಪೀಟರ್ ಬಕ್ಲಿ ಸರಿಯಾಗಿ 300 ಪಂದ್ಯ ಆಡಿ, 256 ಸೋತು 2008ರಲ್ಲಿ ನಿವೃತ್ತರಾದರು. ಆ ಕೈಗಳಡಿ ಕಲಿತ ಹುಡುಗರು ಎಷ್ಟೋ. ಇಂಥವರ ಎದುರು ನಾಲ್ಕು ಸುತ್ತು ಆಡುವುದು ಒಳ್ಳೆಯ ಪಾಠಶಾಲೆ. ತೊಂದರೆ ಶುರುವಾಗುವುದು ಪಾಠ ಮುಗಿದ ಮೇಲೂ ಅದೇ ತರಗತಿಯಲ್ಲಿ ಕೂರಿಸಿದಾಗ. 15–0 (ಹದಿನೈದು ಗೆಲುವು, ಸೊನ್ನೆ ಸೋಲು) ಎಂಬ ಅಂಕಿ ಹಿಡಿದು ಹೊರಟವನಿಗೆ ಹದಿನಾರನೇ ಪಂದ್ಯದಲ್ಲಿ ಮೊದಲ ಬಾರಿ ನಿಜವಾದ ಎದುರಾಳಿ ಸಿಕ್ಕರೆ, ಎಂಟನೇ ಸುತ್ತಿನಲ್ಲಿ ಏನು ಮಾಡಬೇಕೆಂದೇ ಗೊತ್ತಿರುವುದಿಲ್ಲ.

ಒಂದು ಸೋಲಿಗೆ ಕಥೆ ಮುಗಿಯುತ್ತದೆ ಎಂಬುದನ್ನು ಈ ವಿಭಾಗದ ಇತಿಹಾಸವೇ ಒಪ್ಪುವುದಿಲ್ಲ. ಬರ್ನಾರ್ಡ್ ಹಾಪ್ಕಿನ್ಸ್ 1988ರಲ್ಲಿ ಲೈಟ್ ಹೆವಿವೇಟ್ ಆಗಿ ಆಡಿದ ಮೊಟ್ಟಮೊದಲ ವೃತ್ತಿಪರ ಪಂದ್ಯವನ್ನೇ ಸೋತರು. ವರ್ಷಕ್ಕೂ ಹೆಚ್ಚು ಕಾಲ ಆಡಲಿಲ್ಲ. ಮರಳಿದ ಮೇಲೆ ಅವರ ಮೈಗೆ ಹೊಂದಿದ್ದು ಮಿಡಲ್‌ವೇಟ್. ಅಲ್ಲಿ ಹತ್ತು ವರ್ಷ ಚಾಂಪಿಯನ್. 41ರಲ್ಲಿ, 2006ರಲ್ಲಿ, ಮತ್ತೆ 175ಕ್ಕೆ ಬಂದು ಟಾರ್ವರ್‌ರನ್ನು ಮಣಿಸಿದರು, 46ರಲ್ಲಿ ಜಾನ್ ಪ್ಯಾಸ್ಕಲ್‌ರಿಂದ ವಿಶ್ವಪಟ್ಟ ಕಸಿದರು. ಗ್ಲೆನ್ ಜಾನ್ಸನ್ ಕಥೆ ನನಗೆ ಇನ್ನೂ ಇಷ್ಟ. 1997ರಲ್ಲಿ ಅದೇ ಹಾಪ್ಕಿನ್ಸ್, ಜಾನ್ಸನ್‌ರ ಅಜೇಯ ದಾಖಲೆ ಮುರಿದರು. ಆಮೇಲೆ ಊರೂರು ಸುತ್ತಿ, ಎದುರಾಳಿಯ ನೆಲದಲ್ಲಿ ಹಲವು ಬಾರಿ ಸೋತು, 2004ರ ಫೆಬ್ರವರಿಯಲ್ಲಿ ಶೆಫೀಲ್ಡ್‌ನಲ್ಲಿ ಕ್ಲಿಂಟನ್ ವುಡ್ಸ್‌ರನ್ನು ಅವರ ಊರಲ್ಲೇ ಸೋಲಿಸಿ ಪಟ್ಟ ಗೆದ್ದರು. ಅದೇ ವರ್ಷ ಜೋನ್ಸ್, ಟಾರ್ವರ್ ಇಬ್ಬರನ್ನೂ. ಸೋತರೆ ಟಿಕೆಟ್ ಮಾರುವುದು ಕಷ್ಟವಾಗುತ್ತದೆ, ಟಿ.ವಿ.ಯವರು ಹಿಂದೆ ಸರಿಯುತ್ತಾರೆ. ಸೊನ್ನೆಗೆ ಬೆಲೆ ಇರುವುದು ನಿಜ. ಆದರೆ ಆ ಸೊನ್ನೆ ಮ್ಯಾನೇಜರ್‌ನ ಮಾರಾಟದ ಸರಕು. ಹುಡುಗನ ಕೌಶಲ ಬೇರೆ.

ದುಡ್ಡು. ಇಲ್ಲಿ ಪೌಂಡ್ ಎಂದರೆ ಹಣ. ಸಣ್ಣ ಸಭಾಂಗಣದ ಪಂದ್ಯಗಳಲ್ಲಿ ಹೊಸಬನಿಗೆ ನಿಗದಿತ ಸಂಬಳ ಅಪರೂಪ. ಅವನು ತಾನೇ ಟಿಕೆಟ್ ಮಾರಬೇಕು. ಎದುರಾಳಿಯ ಸಂಭಾವನೆ, ಪ್ರಯಾಣ ಮತ್ತು ಕಾರ್ಯಕ್ರಮದ ಪಾಲು ಹೋಗಿ ಉಳಿದದ್ದರಲ್ಲಿ ಅವನ ಭಾಗ. ಉದಾಹರಣೆಗೆ 50 ಪೌಂಡ್‌ನ 120 ಟಿಕೆಟ್ ಮಾರಿ 6,000 ತಂದ ಎನ್ನಿ. ಎಲ್ಲ ಕಳೆದು ಅವನ ಹೆಸರಿಗೆ 1,500 ಉಳಿದರೆ, ಮ್ಯಾನೇಜರ್‌ಗೆ ನೂರಕ್ಕೆ 25ರಂತೆ 375, ತರಬೇತುದಾರರಿಗೆ ನೂರಕ್ಕೆ 10ರಂತೆ 150. ಉಳಿದ 975ನ್ನು ಹತ್ತು ವಾರದ ತಯಾರಿಗೆ ಹಂಚಿದರೆ ವಾರಕ್ಕೆ ನೂರಕ್ಕಿಂತ ಕಡಿಮೆ. ಅದರಲ್ಲೇ ಊಟ, ಪ್ರಯಾಣ, ವೈದ್ಯಕೀಯ ಪರೀಕ್ಷೆ, ಪರವಾನಗಿ ಶುಲ್ಕ. ಟಿಕೆಟ್ ಕಡಿಮೆ ಬಿಕರಿಯಾದರೆ ಪಂದ್ಯವೇ ರದ್ದಾಗಬಹುದು. ಮೊದಲ ಮೂರು ವರ್ಷ ಬೇರೆ ಉದ್ಯೋಗವಿಲ್ಲದೆ ಬದುಕುವುದು ಬಹುತೇಕರಿಗೆ ಆಗದು. ಎಲೆಕ್ಟ್ರಿಷಿಯನ್ ಪ್ರಮಾಣಪತ್ರವನ್ನು ಬಿಟ್ಟುಕೊಡಬೇಡಿ.

ಒಪ್ಪಂದದಲ್ಲಿ ನೋಡಬೇಕಾದದ್ದು ಕೆಲವೇ ಸಾಲು: ಎಷ್ಟು ವರ್ಷ, ಪಟ್ಟ ಗೆದ್ದರೆ ತಾನಾಗಿ ಮುಂದುವರಿಯುತ್ತದೆಯೇ, ವರ್ಷಕ್ಕೆ ಕನಿಷ್ಠ ಎಷ್ಟು ಪಂದ್ಯದ ಭರವಸೆ, ಕೊಡದಿದ್ದರೆ ಬಿಡುಗಡೆ ಹೇಗೆ, ಗಾಯವಾದ ತಿಂಗಳುಗಳು ಅವಧಿಗೆ ಸೇರುತ್ತವೆಯೇ, ಸ್ಕ್ಯಾನ್ ಖರ್ಚು ಯಾರದು. ಮ್ಯಾನೇಜರ್ ಮತ್ತು ಪ್ರಮೋಟರ್ (ಪಂದ್ಯ ಏರ್ಪಡಿಸುವವರು) ಒಬ್ಬರೇನಾ ಎಂದೂ ಕೇಳಿ. ಮ್ಯಾನೇಜರ್ ಬಾಕ್ಸರ್‌ಗೆ ಹೆಚ್ಚು ಹಣ ಕೇಳಬೇಕಾದವನು, ಪ್ರಮೋಟರ್ ಕಡಿಮೆ ಕೊಡಲು ಬಯಸುವವನು. ಅಮೆರಿಕದಲ್ಲಿ ಮೊಹಮ್ಮದ್ ಅಲಿ ಹೆಸರಿನ 2000ದ ಕಾಯ್ದೆ ಹತ್ತು ಸುತ್ತು ಮತ್ತು ಮೇಲಿನ ಪಂದ್ಯಗಳ ಬಾಕ್ಸರ್‌ಗಳ ವಿಷಯದಲ್ಲಿ ಈ ಎರಡು ಪಾತ್ರಗಳನ್ನು ಬೇರ್ಪಡಿಸಿದೆ. ಬ್ರಿಟನ್‌ನಲ್ಲಿ ಅಂಥ ಗೋಡೆಯಿಲ್ಲ, ಹಾಗಾಗಿ ನಿಮ್ಮದೇ ವಕೀಲರು ಒಪ್ಪಂದ ಓದಬೇಕು.

ನಿಮ್ಮ ಮುಂದಿರುವ ದಾರಿಗಳು. ಈಗಲೇ ಸಹಿ ಹಾಕಿ 168ಕ್ಕೆ ಇಳಿಯುವುದು ನನಗೆ ಒಪ್ಪಿಗೆಯಿಲ್ಲ. 22ರ ದೇಹ ಇನ್ನೂ ತುಂಬಿಕೊಳ್ಳುತ್ತಿದೆ, 25ಕ್ಕೆ ಆ ತೂಕ ಹೇಗೂ ಕೈಬಿಡುತ್ತದೆ. 6 ಅಡಿ 3 ಇಂಚಿನ ಕ್ಯಾಲಮ್ ಸ್ಮಿತ್ 168ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು, 2020ರ ಡಿಸೆಂಬರ್‌ನಲ್ಲಿ ಮೆಕ್ಸಿಕೊದ ಕನೆಲೊ ಅಲ್ವಾರೆಜ್ ಎದುರು ಸೋತ ಮೇಲೆ 175ಕ್ಕೆ ಬಂದರು. ಈಗಲೇ ಸಹಿ ಹಾಕಿ 175ರಲ್ಲಿ ಆಡುವುದು ಆಗಬಹುದಾದ ದಾರಿ. ಅಪಾಯವೆಂದರೆ ಅಪ್ರೆಂಟಿಸ್‌ಶಿಪ್‌ನ ಕೊನೆಯ ತಿಂಗಳುಗಳಲ್ಲಿ ದಣಿದ ಮೈಯಲ್ಲಿ ತಯಾರಿ ನಡೆಯುವುದು. ಮೂರನೆಯದು, ಎಂಟು ತಿಂಗಳು ಅಮೆಚೂರ್ ಆಗಿಯೇ ಇದ್ದು, 80 ಕೆ.ಜಿ.ಯಲ್ಲಿ ಇನ್ನೂ ಎಂಟು–ಹತ್ತು ಪಂದ್ಯ ಆಡಿ, ಪ್ರಮಾಣಪತ್ರ ಕೈಗೆ ಬಂದ ಮೇಲೆ ವೃತ್ತಿಗಿಳಿಯುವುದು. ಈ ದಾರಿಯಲ್ಲಿ ಮ್ಯಾನೇಜರ್ ಕೈತಪ್ಪಬಹುದು. ಆದರೆ ಎಂಟು ತಿಂಗಳು ಕಾಯಲಾರದವರು ಹತ್ತು ವರ್ಷದ ವೃತ್ತಿ ಕಟ್ಟಿಕೊಡುತ್ತಾರೆಂದು ನನಗೆ ನಂಬಿಕೆಯಿಲ್ಲ. 175ರಲ್ಲಿ ತಡವಾಗಿ ಬಂದವರಿಗೆ ಜಾಗವಿದೆ: ಆರ್ಟರ್ ಬೆಟರ್ಬಿಯೆವ್ ವೃತ್ತಿಗಿಳಿದದ್ದು 28ರಲ್ಲಿ, 2024ರ ಅಕ್ಟೋಬರ್‌ನಲ್ಲಿ ರಿಯಾದ್‌ನಲ್ಲಿ ಡಿಮಿಟ್ರಿ ಬಿವೊಲ್‌ರನ್ನು ಮಣಿಸಿ ನಾಲ್ಕು ಪ್ರಮುಖ ಸಂಸ್ಥೆಗಳ ವಿಶ್ವಪಟ್ಟಗಳನ್ನೂ ಒಟ್ಟುಗೂಡಿಸಿದಾಗ 39. ನಾಲ್ಕು ತಿಂಗಳ ನಂತರ ಬಿವೊಲ್ ಅವನ್ನು ಕಸಿದುಕೊಂಡರು. ನನ್ನ ಮತ ಮೂರನೇ ದಾರಿಗೆ.

ಹಾಪ್ಕಿನ್ಸ್, ಬೆಟರ್ಬಿಯೆವ್‌ರ ವಯಸ್ಸು ನೋಡಿ ‘ನಲವತ್ತರವರೆಗೂ ಆಡುತ್ತೇನೆ’ ಎಂದು ಮಗ ಅಂದುಕೊಳ್ಳಬಾರದು. ಹಾಪ್ಕಿನ್ಸ್ ಅಷ್ಟು ಕಾಲ ಉಳಿದದ್ದು ಪೆಟ್ಟು ತಿನ್ನದೆ ಆಡುವ ವಿದ್ಯೆಯಿಂದ, ವರ್ಷವಿಡೀ ಪಂದ್ಯದ ತೂಕದ ಹತ್ತಿರವೇ ಇದ್ದ ಶಿಸ್ತಿನಿಂದ. ಅವರ ಕೊನೆಯ ಪಂದ್ಯ 2016ರಲ್ಲಿ ಜೋ ಸ್ಮಿತ್ ಜೂನಿಯರ್ ಹೊಡೆತಕ್ಕೆ ಹಗ್ಗಗಳ ನಡುವಿನಿಂದ ರಿಂಗ್ ಹೊರಗೆ ಬೀಳುವುದರೊಂದಿಗೆ ಮುಗಿಯಿತು. ನಿಲ್ಲಿಸುವ ಗೆರೆಯನ್ನು ಈಗಲೇ, ಸೋಲಿನ ಬಿಸಿ ಇಲ್ಲದಾಗ, ಎಳೆದಿಡಿ. ವೃತ್ತಿಗಿಳಿಯುವ ಮೊದಲು ಎಂ.ಆರ್.ಐ. ಜೊತೆ ನೆನಪು, ಗಮನ, ಪ್ರತಿಕ್ರಿಯೆಯ ವೇಗ ಮತ್ತು ಸಮತೋಲನದ ಪರೀಕ್ಷೆಯನ್ನೂ ಮಾಡಿಸಿ. ವರ್ಷಕ್ಕೊಮ್ಮೆ ಅದನ್ನೇ ಮತ್ತೆ ಮಾಡಿಸಿ ಹೋಲಿಸಿ. ಮೊದಲ ಅಳತೆ ಇಲ್ಲದಿದ್ದರೆ ಐದನೇ ವರ್ಷ ಏನು ಕಳೆದಿದೆ ಎಂದು ಯಾರಿಗೂ ಹೇಳಲಾಗದು. ವರದಿಗಳ ಮೂಲ ನಿಮ್ಮ ಮನೆಯಲ್ಲಿರಲಿ, ಜಿಮ್‌ನಲ್ಲಲ್ಲ. ಮೊದಲು ಬೀಳದಿದ್ದ ಪೆಟ್ಟಿಗೆ ಬೀಳುವುದು, ಸ್ಪಾರಿಂಗ್ ಮರುದಿನ ತಲೆನೋವು, ಮಾತು ತೊದಲುವುದು, ಹೇಳಿದ್ದನ್ನೇ ಹೇಳುವುದು, ಕಾರಣವಿಲ್ಲದ ಸಿಟ್ಟು: ಇವು ಮೊದಲು ಕಣ್ಣಿಗೆ ಬೀಳುವುದು ಮನೆಯವರಿಗೆ.

ತಾಯಿಯಾಗಿ ಏನು ಮಾಡಲಿ ಎಂದು ಕೇಳಿದ್ದೀರಿ. ಪಂದ್ಯದ ರಾತ್ರಿ ನಿಮ್ಮದು. ಗೆದ್ದಿರಲಿ, ಸೋತಿರಲಿ, ಅವನು ಒಬ್ಬನೇ ಮಲಗಬಾರದು, ಕಾರು ಓಡಿಸಬಾರದು, ಮದ್ಯ ಮುಟ್ಟಬಾರದು. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಅವು ರಕ್ತಸ್ರಾವ ಹೆಚ್ಚಿಸಬಲ್ಲವು. ತಲೆನೋವು ಗಂಟೆಗಂಟೆಗೂ ಏರಿದರೆ, ವಾಂತಿಯಾದರೆ, ಎಬ್ಬಿಸಲು ಕಷ್ಟವಾದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಕೈಕಾಲಿನ ಒಂದು ಬದಿ ಸೋತರೆ, ಮ್ಯಾನೇಜರ್‌ಗೆ ಫೋನ್ ಮಾಡುತ್ತ ಕೂರಬೇಡಿ. ನೇರವಾಗಿ 999ಕ್ಕೆ ಕರೆ ಮಾಡಿ, ‘ಬಾಕ್ಸರ್, ಇಂದು ರಾತ್ರಿ ಪಂದ್ಯ ಆಡಿದ್ದಾನೆ, ತಲೆಗೆ ಪೆಟ್ಟು’ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ. ಈ ಕಾವಲು 48 ಗಂಟೆ ಇರಲಿ.